ಕರ್ಕಶಕ್ಕೆ ಮದ್ದು ಅಂಗಡಿಯಲ್ಲಿಲ್ಲ

ಕಾರಿನಲ್ಲಿ ಹಾಡು ಒಡಕು ದನಿಯಲ್ಲಿ ಕೇಳಿಸಿದ ಮರುದಿನವೇ ಹೊಸ ಸ್ಟೀರಿಯೋ ಕೊಳ್ಳಲು ಹೊರಡುವ ಪದ್ಧತಿಯನ್ನು ಖಂಡಿಸುವುದೇ ಈ ಬರಹದ ಉದ್ದೇಶ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೃದು ಮಾತುಗಳನ್ನು ನಿರೀಕ್ಷಿಸಿ ಬಂದ ಆತ್ಮೀಯರು ಈ ಸಲ ನನ್ನನ್ನು ಮನ್ನಿಸಬೇಕು.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು, ಬಂಧುಗಳಲ್ಲಿ ಕೆಲವರು ಒಂದೇ ಬಗೆಯ ಪ್ರಶ್ನೆಯನ್ನು ನನ್ನ ಮುಂದಿಟ್ಟಿದ್ದಾರೆ. "ಮೇಷ್ಟ್ರೇ, ಹಳೆಯ ಐಪಾಡನ್ನು ಕಾರಿಗೆ ಜೋಡಿಸಿದರೆ ಹಾಡು ಗರಗರ ಎನ್ನುತ್ತದೆ. ಯಾವ ಸೆಟ್ಟು ಕೊಳ್ಳೋಣ?" ಪ್ರಶ್ನೆಯನ್ನು ಗಮನಿಸಿ. ಗರಗರ ಎನ್ನುವುದು ಏಕೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದವರಲ್ಲಿ ಇಬ್ಬರು ಎಂಜಿನಿಯರುಗಳು. ನನ್ನ ತರಗತಿಯಲ್ಲಿ ಕುಳಿತು ಓಮನ ನಿಯಮವನ್ನು ಬಾಯಿಪಾಠ ಒಪ್ಪಿಸಿದವರು. ಅಂಗಡಿಯವನು ಹೇಳಿದ್ದನ್ನು ಅವರು ಶ್ರುತಿವಾಕ್ಯವೆಂಬಂತೆ ಸ್ವೀಕರಿಸಿ, ನನ್ನಿಂದ ಬರಿಯ ಮಾದರಿಯ ಹೆಸರನ್ನು ಮಾತ್ರ ಅಪೇಕ್ಷಿಸಿದರು. ನನ್ನ ಅಸಮಾಧಾನಕ್ಕೆ ಇದೇ ಮೂಲ.

ಐಪಾಡ್ ಮೊದಲು ಪ್ರಕಟವಾದದ್ದು 2001ರ ಅಕ್ಟೋಬರಿನಲ್ಲಿ. ತಯಾರಕರು ಅದಕ್ಕೆ ಮಂಗಳ ಹಾಡಿದ್ದು 2022ರ ಮೇ ತಿಂಗಳಿನಲ್ಲಿ. ಆದರೂ ಅನೇಕ ಮನೆಗಳ ಮೇಜಿನ ಖಾನೆಗಳಲ್ಲಿ ಅದು, ಅಥವಾ ಅದರ ದಾಯಾದಿಗಳಾದ ಬೇರೆ ಎಂಪಿ3 ಪ್ಲೇಯರುಗಳು, ಇನ್ನೂ ಜೀವಂತವಾಗಿವೆ. 'ಆಕ್ಸ್' ಎಂಬ ಪುಟ್ಟ ರಂಧ್ರವಿರುವ ಕಾರುಗಳೂ ರಸ್ತೆಯಲ್ಲಿ ಬೇಕಾದಷ್ಟಿವೆ. ಇವೆರಡನ್ನೂ ಒಂದು ತಂತಿಯಿಂದ ಜೋಡಿಸಿದಾಗ ಹುಟ್ಟುವ ಧ್ವನಿವಿಕಾರಕ್ಕೆ ಕಾರಣಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಚ್ಚಿನವು ಒಂದು ಕಾಸಿನ ಖರ್ಚೂ ಇಲ್ಲದೆ ಸರಿಹೋಗತಕ್ಕವು. ಹೀಗಿದ್ದೂ ನಾವು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೇವೆ. ದೋಷ ತಂತಿಯಲ್ಲಿದ್ದರೆ ಸ್ಪೀಕರು ಬದಲಾಗುತ್ತದೆ. ದೋಷ ವಾಲ್ಯೂಮಿನಲ್ಲಿದ್ದರೆ ಆಂಪ್ಲಿಫೈಯರು ಬದಲಾಗುತ್ತದೆ.

ಮೊದಲು ವಿಕಾರವೆಂದರೇನೆಂದು ತಿಳಿಯೋಣ. ತಂತಿಯಲ್ಲಿ ಹರಿಯುವ ಧ್ವನಿಯೆಂದರೆ ಏರಿ ಇಳಿಯುವ ವಿದ್ಯುತ್ ಒತ್ತಡ. ನೀವು ಪ್ರೌಢಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಬರೆದ ತರಂಗವನ್ನು ನೆನೆಯಿರಿ. ಯಾವ ಆಂಪ್ಲಿಫೈಯರಿಗಾದರೂ ತಾನು ದಾಟಲಾರದ ಒಂದು ಮೇಲಿನ ಗೆರೆ, ಒಂದು ಕೆಳಗಿನ ಗೆರೆ ಉಂಟು. ಒಳಬರುವ ತರಂಗ ಅದರ ಯೋಗ್ಯತೆಗೆ ಮೀರಿ ಎತ್ತರವಾಗಿದ್ದರೆ ಶಿಖರಗಳು ಕತ್ತರಿಸಿಹೋಗಿ ಮಟ್ಟಸವಾಗುತ್ತವೆ. ಹಳೆಯ ಮನೆಯ ಗಿಡ್ಡ ಬಾಗಿಲಿನಲ್ಲಿ ಎತ್ತರದ ಮನುಷ್ಯ ಬಗ್ಗದೆ ನುಗ್ಗಿದಂತೆ. ಕತ್ತರಿಸಿದ ತರಂಗದಲ್ಲಿ ಮೂಲದಲ್ಲಿ ಇಲ್ಲದ ಸ್ವರಾಂಶಗಳು ಹುಟ್ಟಿಕೊಳ್ಳುತ್ತವೆ. 1,000 ಹರ್ಟ್ಸಿನ ಶುದ್ಧ ಸ್ವರವನ್ನು ಮೇಲೂ ಕೆಳಗೂ ಸಮನಾಗಿ ಕತ್ತರಿಸಿದರೆ 3,000, 5,000, 7,000 ಹರ್ಟ್ಸಿನ ಸ್ವರಗಳು ಕರೆಯದೆ ಬಂದು ಸೇರುತ್ತವೆ. ಕಿವಿಗೆ ಗರಗರ ಎನಿಸುವುದು ಅವುಗಳ ಗದ್ದಲವೇ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹಾಡು ಪ್ಲೇಯರಿನಿಂದ ಕಿವಿಗೆ ಬರುವ ದಾರಿಯಲ್ಲಿ ಎರಡು ವಾಲ್ಯೂಮ್ ಗುಂಡಿಗಳುಂಟು: ಪ್ಲೇಯರಿನದೊಂದು, ಕಾರಿನದೊಂದು. ಹೆಡ್‌ಫೋನಿನ ರಂಧ್ರದಿಂದ ಹೊರಡುವ ಒತ್ತಡ ಪ್ಲೇಯರಿನ ಗುಂಡಿಯನ್ನು ಏರಿಸಿದಂತೆ ಏರುತ್ತದೆ. ಅದು ಕಾರಿನ ಆಕ್ಸ್ ದ್ವಾರ ತಾಳಬಲ್ಲ ಮಟ್ಟವನ್ನು ಮೀರಿದರೆ ಶಿಖರಗಳು ಅಲ್ಲಿಯೇ ಕತ್ತರಿಸಿಹೋಗುತ್ತವೆ. ಕತ್ತರಿಸಿದ ಶಿಖರವನ್ನು ಮುಂದಿನ ಯಾವ ಗುಂಡಿಯೂ ಮರಳಿ ಬೆಳೆಸಲಾರದು. ಕಾರಿನ ವಾಲ್ಯೂಮನ್ನು ತಗ್ಗಿಸಿದರೆ ಗಟ್ಟಿಯಾದ ಗರಗರ ಮೆಲ್ಲನೆಯ ಗರಗರವಾಗುತ್ತದೆ, ಅಷ್ಟೆ.

ಇದರಿಂದಲೇ ಮೊದಲನೆಯ ಪರೀಕ್ಷೆ ಹೊರಡುತ್ತದೆ. ಕಾರಿನ ವಾಲ್ಯೂಮನ್ನು ತಗ್ಗಿಸಿದರೂ ವಿಕಾರ ಉಳಿದು, ಪ್ಲೇಯರಿನದನ್ನು ತಗ್ಗಿಸಿದರೆ ಮಾಯವಾಯಿತೇ? ಹಾಗಿದ್ದರೆ ಆಕ್ಸ್ ದ್ವಾರಕ್ಕೆ ಹೊರೆ ಹೆಚ್ಚಾಗಿದೆ. ಪ್ಲೇಯರು ಯಾವ ಮಟ್ಟದಲ್ಲಿದ್ದರೂ ಕಾರಿನ ದನಿ ಏರಿದಾಗ ಮಾತ್ರ ವಿಕಾರ ಕಾಣುತ್ತದೆಯೇ? ಕಾರಿನ ಆಂಪ್ಲಿಫೈಯರೋ ಸ್ಪೀಕರೋ ದಣಿದಿದೆ. ಎರಡು ಗುಂಡಿಗಳನ್ನೂ ತಗ್ಗಿಸಿದರೂ ವಿಕಾರ ಹೋಗದೇ? ಹಾಡಿನ ಕಡತವನ್ನು, ಪ್ಲೇಯರಿನ ಒಳಗಿನ ವ್ಯವಸ್ಥೆಯನ್ನು, ಇಲ್ಲವೇ ತಂತಿಯನ್ನು ಶಂಕಿಸಬೇಕು. ಇಷ್ಟನ್ನು ತಿಳಿಯಲು ಬೇಕಾದದ್ದು ಎರಡು ಬೆರಳು ಮತ್ತು ಎರಡು ಕಿವಿ.

ಈ ವಿಷಯದಲ್ಲಿ ಎರಡು ಪಂಥಗಳಿವೆ. "ಪ್ಲೇಯರಿನ ವಾಲ್ಯೂಮನ್ನು ಪೂರ್ತಿ ಇಡಿ, ಕಾರಿನಿಂದ ನಿಯಂತ್ರಿಸಿ" ಎಂಬುದು ಒಂದು. "ಪ್ಲೇಯರನ್ನು ಆದಷ್ಟು ಕೆಳಗಿಡಿ" ಎಂಬುದು ಇನ್ನೊಂದು. ಎರಡನ್ನೂ ಜನ ಮಂತ್ರದಂತೆ ಉಚ್ಚರಿಸುತ್ತಾರೆ. ಎರಡೂ ಅರ್ಧಸತ್ಯಗಳು. ಪೂರ್ತಿ ಏರಿಸಿದರೆ ಶಿಖರ ಕತ್ತರಿಸುವ ಭಯ. ತೀರ ತಗ್ಗಿಸಿದರೆ ಕಾರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಬೇಕಾಗಿ, ಹಾಡಿನ ಜೊತೆಗೆ ತಂತಿಯ ಸುಯ್ ಎಂಬ ಸದ್ದೂ ಬೆಳೆಯುತ್ತದೆ. ಮಧ್ಯಮಮಾರ್ಗ ಇದು: ಪ್ಲೇಯರನ್ನು ಮುಕ್ಕಾಲು ಭಾಗಕ್ಕೆ ಇಟ್ಟು, ಕಾರಿನ ರೇಡಿಯೋ ಎಷ್ಟು ಗಟ್ಟಿಯಾಗಿ ಕೇಳುತ್ತದೆಯೋ ಹಾಡೂ ಅಷ್ಟೇ ಗಟ್ಟಿಯಾಗಿ ಕೇಳುವಂತೆ ಹೊಂದಿಸಿಕೊಳ್ಳುವುದು. ಅನೇಕ ಕಾರ್ ಸ್ಟೀರಿಯೋಗಳಲ್ಲಿ ಆಕ್ಸ್ ದ್ವಾರದ ಮಟ್ಟವನ್ನು ಏರಿಳಿಸುವ ಸೌಲಭ್ಯ ಪಟ್ಟಿಯ ಒಳಗೆಲ್ಲೋ ಅಡಗಿರುತ್ತದೆ. ಸೆಟ್ಟಿನ ಜೊತೆ ಬಂದ ಪುಸ್ತಿಕೆಯನ್ನು ತೆರೆದವರಿಗೆ ಅದು ಸಿಕ್ಕುತ್ತದೆ. ಇನ್ನು 2003ರಲ್ಲಿ ಬಂದ ಮೂರನೆಯ ಪೀಳಿಗೆಯ ಐಪಾಡಿನಿಂದ ಮೊದಲುಗೊಂಡು, ಅಡಿಯಲ್ಲಿ 30 ಪಿನ್ನುಗಳ ಅಗಲವಾದ ದ್ವಾರವಿದ್ದ ಐಪಾಡುಗಳಲ್ಲಿ ವಾಲ್ಯೂಮ್ ಗುಂಡಿಗೆ ಒಳಪಡದ ಒಂದು ಸ್ಥಿರವಾದ ಹೊರದಾರಿಯೇ ಇತ್ತು. ಅದಕ್ಕೆ ತಕ್ಕ ತಂತಿಯನ್ನು ಬಳಸಿದರೆ ಎರಡು ಗುಂಡಿಗಳ ಜಗಳವೇ ಇಲ್ಲ.

ಎರಡನೆಯ ಅಪರಾಧಿ ಈಕ್ವಲೈಸರು. ನಮ್ಮ ಹುಡುಗರಿಗೆ ಮಂದ್ರದ ಗುಮ್ ಗುಮ್ ಎಂದರೆ ಪಂಚಪ್ರಾಣ. ಪ್ಲೇಯರಿನಲ್ಲಿ ಮಂದ್ರವನ್ನು ಏರಿಸುತ್ತಾರೆ, ಕಾರಿನಲ್ಲಿ ಮತ್ತೊಮ್ಮೆ ಏರಿಸುತ್ತಾರೆ. ಆರು ಡೆಸಿಬೆಲ್ ಏರಿಸಿದರೆ ಒತ್ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸಿ.ಡಿ.ಯ 16 ಬಿಟ್‌ಗಳ ಲೆಕ್ಕದಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 32,767. ಹಾಡಿನ ಶಿಖರ ಆಗಲೇ ಅಲ್ಲಿಗೆ ಮುಟ್ಟಿದ್ದರೆ ಅದರ ಇಮ್ಮಡಿಯನ್ನು ಎಲ್ಲಿ ಬರೆಯುವುದು? ಜಾಗವಿಲ್ಲ; ಆದುದರಿಂದ ಕತ್ತರಿ. ಈ ಕತ್ತರಿ ಪ್ಲೇಯರಿನ ಒಳಗೇ ಬೀಳುವುದರಿಂದ ಹೊರಗಿನ ಸೆಟ್ಟನ್ನು ಬದಲಿಸಿ ಫಲವೇನು? ಪ್ಲೇಯರಿನ ಈಕ್ವಲೈಸರನ್ನು ಪೂರ್ತಿ ಆರಿಸಿ, ಕಾರಿನದನ್ನು ಸಮತಟ್ಟು ಮಾಡಿ ಕೇಳಿ. ಮಂದ್ರ ಬೇಕೇ ಬೇಕೆನಿಸಿದರೆ ತಾರವನ್ನು ಸ್ವಲ್ಪ ತಗ್ಗಿಸಿ. ಏರಿಸುವುದಕ್ಕಿಂತ ಇಳಿಸುವುದು ಯಾವಾಗಲೂ ಕ್ಷೇಮ.

ಈಗ ಅಂಗಡಿಯ ಪೆಟ್ಟಿಗೆಯ ಮೇಲಿನ ಬರಹಕ್ಕೆ ಬರೋಣ. "50 ವ್ಯಾಟ್, ನಾಲ್ಕು ಚಾನೆಲ್" ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಲೆಕ್ಕ ಮಾಡೋಣ. ಎಂಜಿನ್ ಓಡುತ್ತಿರುವಾಗ ಕಾರಿನ ಒತ್ತಡ ಸುಮಾರು 14.4 ವೋಲ್ಟ್, ಕಾರಿನ ಸ್ಪೀಕರಿನ ಅಡಚಣೆ ಸಾಮಾನ್ಯವಾಗಿ 4 ಓಮ್. 14.4ರ ವರ್ಗವನ್ನು 4ರಿಂದ ಭಾಗಿಸಿದರೆ 51.84. ಪೆಟ್ಟಿಗೆಯ ಮೇಲಿನ 50 ವ್ಯಾಟ್ ಇದೇ. ಆದರೆ ಇದು ತರಂಗವು ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಅಂಟಿಕೊಂಡು ಪೂರ್ತಿ ಚೌಕವಾದಾಗಿನ ಶಕ್ತಿ. ಅಂದರೆ ಸಂಪೂರ್ಣವಾಗಿ ವಿಕಾರಗೊಂಡ ದನಿಯ ಶಕ್ತಿ! ಶಿಖರ ಕತ್ತರಿಸದ ಶುದ್ಧ ತರಂಗಕ್ಕೆ ಲೆಕ್ಕ ಹಾಕಿದರೆ ಇದರ ಅರ್ಧ, ಸುಮಾರು 26 ವ್ಯಾಟ್. ಆಂಪ್ಲಿಫೈಯರಿನ ಒಳಗಿನ ನಷ್ಟಗಳನ್ನು ಕಳೆದರೆ ಅದಕ್ಕೂ ಕಡಿಮೆ. ಸೆಟ್ಟಿನ ಒಳಗೇ ಅಡಕವಾಗಿ, ಕಾರಿನ ಬ್ಯಾಟರಿಯಿಂದ ನೇರವಾಗಿ ನಡೆಯುವ ಆಂಪ್ಲಿಫೈಯರುಗಳಿಗೆಲ್ಲ ಈ ಮಿತಿ ಒಂದೇ. 50 ವ್ಯಾಟಿನ ಹಳೆಯ ಸೆಟ್ಟನ್ನು ಕೊಟ್ಟು 55 ವ್ಯಾಟಿನ ಅಂಥದೇ ಹೊಸ ಸೆಟ್ಟನ್ನು ತಂದವರು ಏನನ್ನು ಕೊಂಡರು? ಒಂದು ಅಂಕಿಯನ್ನು ಕೊಂಡರು. ಎಂಟನೆಯ ತರಗತಿಯ ಗಣಿತ ಬಲ್ಲವರು ಇದನ್ನು ಅಂಗಡಿಯ ಕಟ್ಟೆಯ ಮೇಲೇ ನಿಂತು ಲೆಕ್ಕ ಹಾಕಬಹುದಿತ್ತು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಕೋಪವೇಕೆ ಎಂದು ನೀವು ಕೇಳಬಹುದು. ಹಣವಷ್ಟೇ ಹೋಗುವುದಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ನಮ್ಮ ಬಳಗದ ಒಂದು ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ. ಮನೆಯವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ.

ಆ ಮನೆಯ ಹಿರಿಯ ಮುತ್ತೈದೆಯೊಬ್ಬರು ಹಸೆಹಾಡು, ಆರತಿಹಾಡು, ಬೀಗರ ಹಾಡುಗಳನ್ನು ಹಾಡುವುದರಲ್ಲಿ ಊರಿಗೇ ಹೆಸರಾಗಿದ್ದರು. ಅವರ ಹಾಡುಗಳನ್ನು ಬಹಳ ಹಿಂದೆ ಒಂದೇ ಮೈಕಿನ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಮುಂದೆ ಮೊಮ್ಮಗ ಅವನ್ನು ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಪ್ಲೇಯರಿಗೆ ಸೇರಿಸಿದ. ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹೋದವು; ಕಂಪ್ಯೂಟರೂ ಕೆಟ್ಟು ಗುಜರಿಗೆ ಹೋಯಿತು. ಅಜ್ಜಿ ತೀರಿಕೊಂಡ ಮೇಲೆ ಆಕೆಯ ದನಿ ಉಳಿದದ್ದು ಆ ಅಂಗೈಯಗಲದ ಪೆಟ್ಟಿಗೆಯಲ್ಲಿ ಮಾತ್ರ. ಒಂದು ದಿನ ಕಾರಿನಲ್ಲಿ ಹಾಕಿದರೆ ಸಿನಿಮಾ ಹಾಡುಗಳು ಬಾವಿಯೊಳಗಿಂದ ಬಂದಂತೆ ಕೇಳುತ್ತವೆ: ವಾದ್ಯಗಳಿವೆ, ಗಾಯಕರ ದನಿ ಎಲ್ಲೋ ದೂರ. ಅಜ್ಜಿಯ ಹಾಡುಗಳು ಮಾತ್ರ ಕೇಳಿಸುವುದೇ ಇಲ್ಲ. ಒಂದಿಷ್ಟು ಸುಯ್ ಎಂಬ ಸದ್ದು, ಅಷ್ಟೆ. ಅಂಗಡಿಯಾತ ಎರಡು ನಿಮಿಷ ಕೇಳಿ ತೀರ್ಪಿತ್ತ: "ಸ್ಪೀಕರ್ ಹೋಗಿದೆ, ಬದಲಿಸಬೇಕು. ಆ ಹಳೆಯ ರೆಕಾರ್ಡಿಂಗ್ ಪೂರ್ತಿ ಹಾಳಾಗಿದೆ, ಅಳಿಸಿಬಿಡಿ, ಜಾಗವಾದರೂ ಉಳಿಯುತ್ತದೆ." ಮನೆಯವರು ದುಃಖದಿಂದಲೇ ಒಪ್ಪಿದ್ದರು. ಅಳಿಸುವುದನ್ನು ಮಾತ್ರ ಮುಂದಿನ ಭಾನುವಾರಕ್ಕೆ ಇಟ್ಟುಕೊಂಡಿದ್ದರು.

ನಡುವೆ ನಮ್ಮ ಮನೆಗೆ ಬಂದಾಗ ಈ ಮಾತು ಹೊರಬಿತ್ತು. ಪ್ಲೇಯರಿಗೆ ಹೆಡ್‌ಫೋನ್ ಚುಚ್ಚಿ ಕೇಳಿದೆ. ಅಜ್ಜಿಯ ದನಿ ಬಳೆಯ ಸದ್ದಿನ ಸಮೇತ ಅಲ್ಲಿಯೇ ಇತ್ತು. ಕೆಟ್ಟದ್ದು ಕಾರಿಗೆ ಜೋಡಿಸುವ ತಂತಿ. ಅದರ ಮೊನೆಯಲ್ಲಿ ಮೂರು ಭಾಗಗಳಿರುತ್ತವೆ: ತುದಿ ಎಡದನಿಗೆ, ನಡುವಿನ ಉಂಗುರ ಬಲದನಿಗೆ, ಬುಡ ಎರಡಕ್ಕೂ ಸಾಮಾನ್ಯವಾದ ಭೂಮಿಗೆ. ಬುಡದ ತಂತಿ ಒಳಗೆ ತುಂಡಾದರೆ ವಿದ್ಯುತ್ತಿಗೆ ಮರಳುವ ದಾರಿಯಿಲ್ಲದೆ ಎಡದ ದ್ವಾರದಿಂದ ಹೊಕ್ಕು ಬಲದ ದ್ವಾರದಿಂದ ಹಿಂದಿರುಗುತ್ತದೆ. ಆಗ ಕೇಳಿಸುವುದು ಎಡಬಲಗಳ ವ್ಯತ್ಯಾಸ ಮಾತ್ರ. ಸಿನಿಮಾ ಹಾಡಿನಲ್ಲಿ ಗಾಯಕರ ದನಿ ಎರಡೂ ಕಡೆ ಸಮನಾಗಿರುವುದರಿಂದ ಅದು ಕಳೆದುಹೋಗಿ ವಾದ್ಯಗಳು ಉಳಿಯುತ್ತವೆ. ಒಂದೇ ಮೈಕಿನಲ್ಲಿ ಹಿಡಿದ ಅಜ್ಜಿಯ ಹಾಡಿನಲ್ಲಿ ಎಡವೂ ಬಲವೂ ಒಂದೇ. ಒಂದರಿಂದ ಒಂದನ್ನು ಕಳೆದರೆ ಉಳಿಯುವುದು ಸೊನ್ನೆ. ದನಿ ಹಾಳಾಗಿರಲಿಲ್ಲ, ವ್ಯವಕಲನವಾಗಿತ್ತು. ಹೊಸ ತಂತಿಗೆ ಬಿದ್ದ ಖರ್ಚು ನೂರೈವತ್ತು ರೂಪಾಯಿ.

ಆ ಭಾನುವಾರ ಒಂದು ವಾರ ಮುಂಚೆ ಬಂದಿದ್ದರೆ? ಒಂದು ವಂಶದ ಹೆಣ್ಣುಮಕ್ಕಳು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದ ಹಾಡುಗಳು ಒಂದು ತುಂಡು ತಾಮ್ರದ ಕಾರಣದಿಂದ ಇಲ್ಲವಾಗುತ್ತಿದ್ದವು. ತಾಮ್ರದ ಕಾರಣ ಎಂಬುದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ನನ್ನ ಕೋಪಕ್ಕೆ ಕಾರಣ ಇದು. ಅಂಗಡಿಯಾತನ ಮೇಲೆ ನನಗೆ ಸಿಟ್ಟಿಲ್ಲ. ಮಾರುವುದು ಅವನ ವೃತ್ತಿ. ಕೇಳದೆ ಒಪ್ಪುವುದು ಯಾರ ವೃತ್ತಿ? ಆ ಮನೆಯಲ್ಲಿ ಮೂವರು ಪದವೀಧರರಿದ್ದಾರೆ.

ಇನ್ನು ಚಾರ್ಜರಿನ ವಿಚಾರ. ಹಾಡಿನ ಹಿಂದೆ ಕುಂಯ್ ಎಂಬ ಸಣ್ಣ ಕೂಗು, ಅದು ಎಂಜಿನ್ನಿನ ವೇಗ ಏರಿದಂತೆ ತಾನೂ ಶ್ರುತಿ ಏರಿಸುತ್ತದೆಯಾದರೆ ಅದು ಪ್ಲೇಯರಿನ ರೋಗವಲ್ಲ. ಕಾರಿನ ಆಲ್ಟರ್ನೇಟರು ಹುಟ್ಟಿಸುವ ವಿದ್ಯುತ್ತಿನ ಅಲೆಗಳು ಒಳಬರುತ್ತಿವೆ. ಪ್ಲೇಯರು ಚಾರ್ಜರಿನ ಮೂಲಕ ಒಮ್ಮೆ, ಆಕ್ಸ್ ತಂತಿಯ ಮೂಲಕ ಇನ್ನೊಮ್ಮೆ, ಹೀಗೆ ಎರಡು ದಾರಿಗಳಿಂದ ಕಾರಿನ ಭೂಮಿಗೆ ಸೇರಿರುವುದೇ ಅದರ ಮೂಲ. ಚಾರ್ಜರನ್ನು ಕಿತ್ತು ನೋಡಿ. ಕೂಗು ನಿಂತರೆ ಕಾರಣ ಸಿಕ್ಕಿತು. ಪ್ಲೇಯರನ್ನು ಮನೆಯಲ್ಲೇ ಚಾರ್ಜು ಮಾಡಿಕೊಂಡು ಹೊರಡಿ. ಇಲ್ಲವೇ ತಂತಿಯ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುವ ಐಸೊಲೇಟರನ್ನು ಹಾಕಿ.

ಆಕ್ಸ್ ರಂಧ್ರವಿಲ್ಲದ ಕಾರಿನವರು ಎಫ್.ಎಂ. ಟ್ರಾನ್ಸ್‌ಮಿಟರನ್ನು ಬಳಸುತ್ತಾರೆ. ಅಲ್ಲಿಯೂ ಇದೇ ನ್ಯಾಯ. ಎಫ್.ಎಂ. ಪ್ರಸಾರದಲ್ಲಿ ಕಂಪನಾಂಕ ಆಚೀಚೆ ತೂಗಬಹುದಾದ ಮಿತಿ 75 ಕಿಲೋಹರ್ಟ್ಸ್. ಪ್ಲೇಯರಿನ ದನಿ ಅತಿಯಾದರೆ ತೂಗಾಟ ಮಿತಿ ಮೀರಿ ರೇಡಿಯೋ ಅದನ್ನು ಸರಿಯಾಗಿ ಬಿಡಿಸಲಾರದು. ಜೊತೆಗೆ ನೆರೆಹೊರೆಯ ಕೇಂದ್ರಗಳ ಕಾಟ. ಬೆಂಗಳೂರಿನಲ್ಲಿ 91.1, 98.3, 101.3, 102.9ರ ಆಸುಪಾಸಿನಲ್ಲಿ ಈ ಬಡಪಾಯಿ ಯಂತ್ರದ ದನಿ ನಿಲ್ಲುವುದಿಲ್ಲ. ಅಲ್ಲಿ ಖಾಲಿ ಸಿಕ್ಕಿದ ಜಾಗ ಮೈಸೂರು ಸಮೀಪಿಸಿದಂತೆ ಖಾಲಿಯಾಗಿಯೇ ಇರುತ್ತದೆಂದು ಹೇಳುವಂತಿಲ್ಲ. ಊರು ಬದಲಾದಾಗ ಕಂಪನಾಂಕ ಬದಲಿಸಬೇಕೇ ಹೊರತು ಯಂತ್ರವನ್ನಲ್ಲ.

"ಎಂಪಿ3ಯೇ ಕಳಪೆ, ಅದಕ್ಕೇ ಹೀಗೆ" ಎನ್ನುವ ಪಂಡಿತರೂ ಇದ್ದಾರೆ. ಅತಿಯಾಗಿ ಕುಗ್ಗಿಸಿದ ಎಂಪಿ3ಯಲ್ಲಿ ದೋಷವಿರುವುದು ನಿಜ. ಆದರೆ ಆ ದೋಷದ ಲಕ್ಷಣವೇ ಬೇರೆ: ತಾಳದ ಝಣತ್ಕಾರ ನೀರಿನೊಳಗಿಂದ ಬಂದಂತೆ ತೊಳಸುತ್ತದೆ, ಗರಗರ ಎನ್ನುವುದಿಲ್ಲ. ಇನ್ನು ಕೆಲವು ಮುದ್ರಿಕೆಗಳು ಹುಟ್ಟುವಾಗಲೇ ಕತ್ತರಿಸಿಕೊಂಡು ಹುಟ್ಟುತ್ತವೆ. 2008ರಲ್ಲಿ ಬಂದ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಇದಕ್ಕೆ ಕುಪ್ರಸಿದ್ಧ ಉದಾಹರಣೆ. ಗಟ್ಟಿಯಾಗಿ ಕೇಳಿಸಬೇಕೆಂಬ ಹಟದಿಂದ ಶಿಖರಗಳನ್ನು ಮಟ್ಟ ಮಾಡಿದ್ದರು. ಅದೇ ಹಾಡುಗಳು 'ಗಿಟಾರ್ ಹೀರೋ' ಎಂಬ ವಿಡಿಯೋ ಆಟದಲ್ಲಿ ಹೆಚ್ಚು ನಿರ್ಮಲವಾಗಿದ್ದುದನ್ನು ಕೇಳುಗರೇ ಕಂಡುಹಿಡಿದು ಪ್ರತಿಭಟಿಸಿದರು. ಅಂಥ ಹಾಡಿಗೆ ಯಾವ ಸೆಟ್ಟೂ ಮದ್ದಲ್ಲ. ಹೆಡ್‌ಫೋನಿನಲ್ಲಿಯೂ ಗರಗರ ಎಂದರೆ ದೋಷ ಮುದ್ರಿಕೆಯಲ್ಲಿದೆ ಇಲ್ಲವೇ ಪ್ಲೇಯರಿನಲ್ಲಿದೆ. ಬೇರೊಂದು ಹಾಡನ್ನು ಕೇಳಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ.

"ನಿಮಗೇನು ಮೇಷ್ಟ್ರೇ, ನಿವೃತ್ತಿಯ ಬಿಡುವಿದೆ. ನಮಗೆ ಸಮಯವೆಲ್ಲಿ? ಈಗಂತೂ ಬ್ಲೂಟೂತ್ ಬಂದಿದೆ, ತಂತಿಯ ಗೋಳೇ ಇಲ್ಲ" ಎಂಬ ಆಕ್ಷೇಪವನ್ನು ನಾನು ಬಲ್ಲೆ. ಮೇಲಿನ ಪರೀಕ್ಷೆಗಳೆಲ್ಲ ಸೇರಿದರೆ ಹತ್ತು ನಿಮಿಷ. ಅಂಗಡಿಗೆ ಹೋಗಿಬರಲು ಅರ್ಧ ದಿನ. ಬ್ಲೂಟೂತಿನಲ್ಲಿ ತಂತಿ ಇಲ್ಲದಿರಬಹುದು. ಫೋನಿನಲ್ಲೊಂದು, ಕಾರಿನಲ್ಲೊಂದು ವಾಲ್ಯೂಮ್, ಎರಡೆರಡು ಈಕ್ವಲೈಸರು ಅಲ್ಲಿಯೂ ಇರುತ್ತವೆ. ಉಪಕರಣ ಹೊಸದಾದ ಮಾತ್ರಕ್ಕೆ ವಿವೇಚನೆಯ ಹೊರೆ ಇಳಿಯುವುದಿಲ್ಲ. ಕೊಳ್ಳಲೇಬೇಕಾದ ಸಂದರ್ಭಗಳೂ ಉಂಟೆಂದು ಒಪ್ಪುತ್ತೇನೆ. ರೇಡಿಯೋ, ಸಿ.ಡಿ., ಪ್ಲೇಯರು ಮೂರರಲ್ಲಿಯೂ ಒಂದೇ ಮೂಲೆಯಿಂದ ಬಿರುಕು ದನಿ ಬಂದರೆ ಆ ಮೂಲೆಯ ಸ್ಪೀಕರಿನ ಕಾಗದ ಹರಿದಿರಬಹುದು, ಅದನ್ನು ಬದಲಿಸಿ. ತಿಳಿದು ಬದಲಿಸಿ ಎಂಬುದಷ್ಟೇ ನನ್ನ ವಾದ.

ನಮ್ಮ ತರ್ಕಶಾಸ್ತ್ರದವರು ಇದನ್ನು ಅನ್ವಯ, ವ್ಯತಿರೇಕ ಎಂದು ಕರೆದರು. ಅದಿದ್ದರೆ ಇದಿರುತ್ತದೆ, ಅದಿಲ್ಲದಿದ್ದರೆ ಇದಿಲ್ಲ. ಹಾಗಾದರೆ ಅದೇ ಕಾರಣ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು. ತಂತಿ, ಸ್ಪೀಕರು, ಸೆಟ್ಟು ಮೂರನ್ನೂ ಒಟ್ಟಿಗೆ ಬದಲಿಸಿದವನಿಗೆ ದನಿ ಸರಿಹೋದರೂ ಕಾರಣ ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಮೂರಕ್ಕೂ ಹಣ ತೆರುತ್ತಾನೆ. ಪ್ರಯೋಗಶಾಲೆಯಲ್ಲಿ ನಾವು ಬಲ್ಬು, ತಂತಿ, ಬ್ಯಾಟರಿಗಳನ್ನಿಟ್ಟುಕೊಂಡು ಕಲಿತದ್ದು ಇದನ್ನೇ. ಅಂಕ ಬಂದ ಮೇಲೆ ಅದನ್ನು ಅಲ್ಲಿಯೇ ಬಿಟ್ಟು ಬಂದಿರಾ?

ನಿಮ್ಮ ಮನೆಯ ಖಾನೆಯಲ್ಲಿಯೂ ಹಳೆಯ ಪ್ಲೇಯರೊಂದು ಬಿದ್ದಿರಬಹುದು. ಅದರಲ್ಲಿ ತಂದೆಯ ಮಾತೋ ತಾಯಿಯ ಹಾಡೋ ಇರಬಹುದು. ಅದು ಹಾಳಾಗಿದೆಯೆಂದು ಯಾರಾದರೂ ಹೇಳಿದರೆ, ಅಳಿಸುವ ಮುನ್ನ ಒಂದು ಹೆಡ್‌ಫೋನನ್ನು ಚುಚ್ಚಿ ಕೇಳಿ. ಕೇಳಿದ ಮೇಲೆ ಇನ್ನೆರಡು ಕಡೆ ಪ್ರತಿ ಮಾಡಿಡಿ. ಅಂಗಡಿಯ ಬಾಗಿಲು ಸಂಜೆಯವರೆಗೂ ತೆರೆದಿರುತ್ತದೆ, ಅವಸರವೇನೂ ಇಲ್ಲ.

ಎಲ್ಲರಿಗೂ ಶುಭವಾಗಲಿ.